ಮೇಘಾಳ ಗೇಮ್ ಶೋಗೆ ದೊಡ್ಡಪ್ಪನ ಕಾಗದ

ಮೈಸೂರು

ಚಿ. ಮೇಘಾಳಿಗೆ ದೊಡ್ಡಪ್ಪನ ಆಶೀರ್ವಾದಗಳು.

ನಾವಿಬ್ಬರೂ ಕ್ಷೇಮ. ದೊಡ್ಡಮ್ಮನ ಮಂಡಿನೋವು ಸ್ವಲ್ಪ ಕಡಿಮೆಯಾಗಿದೆ, ಬೆಳಗ್ಗೆ ಒಂದು ಸುತ್ತು ನಡೆದು ಬರುತ್ತಾಳೆ.

ನಿಮ್ಮಪ್ಪ ಫೋನ್ ಮಾಡಿದ್ದ. ವಿಡಿಯೋ ಗೇಮ್ ಬಗ್ಗೆ ಟಿವಿ ಕಾರ್ಯಕ್ರಮ ಮಾಡುವ ಕೆಲಸ ನಿನ್ನ ತಲೆಗೆ ಬಂದಿದೆಯಂತೆ. "ಗೇಮ್ ಆಡೋದೇ ದಂಡ, ಇನ್ನು ಬೇರೆಯವರು ಆಡೋದನ್ನ ಕೂತು ಯಾರು ನೋಡ್ತಾರೆ?" ಅಂತ ಗೊಣಗಿದ. ಅವನ ಗೊಣಗಾಟಕ್ಕೆ ತಲೆ ಕೆಡಿಸಿಕೊಳ್ಳಬೇಡ. ಪ್ರಶ್ನೆ ಮಾತ್ರ ಸರಿಯಾಗೇ ಇದೆ. ಅದಕ್ಕೆ ಉತ್ತರ ಸಿಗದೆ ಶೂಟಿಂಗ್‌ಗೆ ಇಳಿಯಬೇಡ.

ನೀನು ಕಳಿಸಿದ ಪ್ಲಾನ್ ಓದಿದೆ. ಯಾವ ಗೇಮ್, ಎಷ್ಟು ದೊಡ್ಡ ಎಲ್‌ಇಡಿ ಪರದೆ, ಸ್ಟುಡಿಯೋಗೆ ಎಂಥ ನೀಲಿ ಲೈಟು, ಎಲ್ಲ ವಿವರವಾಗಿ ಬರೆದಿದ್ದೀಯ. ಆಡುವವರು ಯಾರು ಅನ್ನುವುದಕ್ಕೆ ಒಂದೇ ಸಾಲು. ಎಡಿಟಿಂಗ್ ಟೇಬಲ್ ಮುಂದೆ ಆಯಸ್ಸು ಸವೆಸಿದವನು ನಾನು, ಸುತ್ತಿ ಬಳಸಿ ಹೇಳಲು ಬರುವುದಿಲ್ಲ. ಆ ಒಂದು ಸಾಲೇ ನಿನ್ನ ಕಾರ್ಯಕ್ರಮ. ಮಿಕ್ಕಿದ್ದೆಲ್ಲ ಬಾಡಿಗೆಗೆ ಸಿಗುತ್ತದೆ.

ಕಂಟ್ರೋಲರ್ ಹಿಡಿದವನಿಗೆ ಎಲ್ಲ ಗೊತ್ತು. ಜೀವ ಎಷ್ಟು ಉಳಿದಿದೆ, ಮುಂದಿನ ತಿರುವಲ್ಲಿ ಯಾರಿದ್ದಾರೆ, ಈಗ ಸತ್ತರೆ ಎಲ್ಲಿಂದ ಶುರು ಮಾಡಬೇಕು. ಸೋಫಾದಲ್ಲಿ ಕೂತವರಿಗೆ ಕಾಣುವುದು ಓಡುವ ಒಂದು ಗೊಂಬೆ, ಮೂಲೆಯಲ್ಲಿ ಕೆಂಪು ಗೆರೆ. ಕ್ರಿಕೆಟ್ ನೋಡು. ಆರು ಬಾಲಿಗೆ ಹನ್ನೆರಡು ರನ್ ಬೇಕು ಅಂದರೆ ಅಜ್ಜಿಯೂ ಎದ್ದು ಕೂರುತ್ತಾಳೆ. ಅಂಥ ಒಂದು ಲೆಕ್ಕ ಪ್ರತಿ ಆಟಕ್ಕೂ ಮುಂಚೆ ನೋಡುವವರ ಕೈಗೆ ಕೊಡಬೇಕು.

ಇದನ್ನು ತುಂಬಾ ಹಿಂದೆಯೇ ಕಂಡುಕೊಂಡವರಿದ್ದಾರೆ. ಅಮೆರಿಕದಲ್ಲಿ 1982ರಲ್ಲಿ 'ಸ್ಟಾರ್‌ಕೇಡ್' ಅಂತ ಶುರುವಾಯಿತು. ಕಾಸು ಹಾಕಿ ಆಡುವ ಆರ್ಕೇಡ್ ಮೆಷಿನ್ ಮುಂದೆ ಇಬ್ಬರು, ಒಂದು ನಿಮಿಷವೂ ಮೀರದ ಸಮಯ, ಯಾರ ಸ್ಕೋರ್ ಜಾಸ್ತಿ ಅನ್ನುವುದೇ ಮುಖ್ಯ. ಹತ್ತು ವರ್ಷ ಆದಮೇಲೆ ಬ್ರಿಟನ್ನಿನ ಚಾನೆಲ್ 4 'ಗೇಮ್ಸ್‌ಮಾಸ್ಟರ್' ತಂದಿತು. ಮೊದಲ ಸರಣಿಯ ಸೆಟ್ಟು ಪಾಳುಬಿದ್ದ ಚರ್ಚಿನಲ್ಲಿ, ಎರಡನೆಯದು ಸಮುದ್ರದ ಎಣ್ಣೆ ಬಾವಿಯ ಥರ. ಸ್ಪರ್ಧಿಗೆ ಒಂದು ಸವಾಲು, ಗೆದ್ದರೆ ಚಿನ್ನದ ಬಣ್ಣದ ಜಾಯ್‌ಸ್ಟಿಕ್. ಅದು ನಿಜವಾದ ಚಿನ್ನವಲ್ಲ, ಆದರೂ ಹುಡುಗರು ಅದಕ್ಕಾಗಿ ಕಾದಾಡುತ್ತಿದ್ದರು. ಗೇಮ್ ಪತ್ರಿಕೆಯವರನ್ನೇ ಕರೆಸಿ ಕಾಮೆಂಟರಿಗೆ ಕೂರಿಸುತ್ತಿದ್ದರು.

ಅದರಲ್ಲಿ ನನಗೆ ಭಾರಿ ಇಷ್ಟವಾದದ್ದು ಗೇಮ್ಸ್‌ಮಾಸ್ಟರ್ ಪಾತ್ರ ಮಾಡಿದವರ ಆಯ್ಕೆ. ಪ್ಯಾಟ್ರಿಕ್ ಮೂರ್ ಅಂತ, ಖಗೋಳದ ಮನುಷ್ಯ. 1957ರಿಂದ ಬಿಬಿಸಿಯಲ್ಲಿ ನಕ್ಷತ್ರ, ಗ್ರಹ ಅಂತ ಪಾಠ ಹೇಳುತ್ತಿದ್ದವರು. ಎಪ್ಪತ್ತರ ಹತ್ತಿರದ ಆ ಮುದುಕರ ತಲೆಯನ್ನಷ್ಟೇ ಪರದೆ ಮೇಲೆ ತೇಲಿಸಿ, ಮುಖಕ್ಕೆ ಲೋಹದ ತುಂಡು ಅಂಟಿಸಿದರು. ಯಾವುದೋ ಲೆವೆಲ್‌ನಲ್ಲಿ ಸಿಕ್ಕಿಹಾಕಿಕೊಂಡ ಹುಡುಗ ಬಂದು ದಾರಿ ಕೇಳುತ್ತಾನೆ, ಇವರು ಗ್ರಹಣ ವಿವರಿಸುವಷ್ಟೇ ಗಂಭೀರವಾಗಿ ದಾರಿ ಹೇಳುತ್ತಾರೆ. ನಿನ್ನ ಪ್ಲಾನಿನಲ್ಲಿ ನಿರೂಪಕರ ಜಾಗಕ್ಕೆ ಸೀರಿಯಲ್ ನಟರ ಹೆಸರು ಕಂಡೆ. ಕಿರುಚಾಡದೆ, ಮುಖ ಗಂಟು ಹಾಕಿಕೊಂಡು ಗೇಮ್ ಬಗ್ಗೆ ಮಾತಾಡಬಲ್ಲ ಒಬ್ಬ ಯಕ್ಷಗಾನದ ಅರ್ಥಧಾರಿಯನ್ನೋ ನಿವೃತ್ತ ಗಣಿತ ಮೇಷ್ಟ್ರನ್ನೋ ಯಾಕೆ ಯೋಚಿಸಬಾರದು? ಚಾನೆಲ್‌ನವರು ನಗಬಹುದು. ನಗಲಿ ಬಿಡು.

ಈಗ ಜಪಾನಿನದು. ಇದನ್ನು ನೀನು ಕೂತು ನೋಡಲೇಬೇಕು. 'ಗೇಮ್‌ಸೆಂಟರ್ ಸಿಎಕ್ಸ್', ಫುಜಿ ಟಿವಿಯ ಉಪಗ್ರಹ ಚಾನೆಲ್‌ನಲ್ಲಿ 2003ರಲ್ಲಿ ಶುರುವಾದದ್ದು. ಶಿನ್ಯಾ ಅರಿನೋ ಅನ್ನುವ ಹಾಸ್ಯನಟ, ಆಫೀಸಿನ ಸೆಕ್ಷನ್ ಮುಖ್ಯಸ್ಥನ ಥರ ಕೆಲಸದ ಜಾಕೆಟ್ ಹಾಕಿಕೊಂಡು ಒಂದು ರೂಮಿನಲ್ಲಿ ಕೂರುತ್ತಾರೆ. ಹಳೇ ಗೇಮ್ ಒಂದನ್ನು ಮುಗಿಸಬೇಕು. ತಮಾಷೆ ಏನೆಂದರೆ ಅವರೇನೂ ಪಂಟರಲ್ಲ. ಬೀಳುತ್ತಾರೆ, ಸಾಯುತ್ತಾರೆ, ತಮ್ಮಷ್ಟಕ್ಕೆ ಬೈದುಕೊಳ್ಳುತ್ತಾರೆ. ಗಂಟೆಗಟ್ಟಲೆ ಆದಮೇಲೆ ಜ್ವರ ಬಂದ ಮಕ್ಕಳಿಗೆ ಹಚ್ಚುವ ತಂಪು ಪಟ್ಟಿಯನ್ನು ಹಣೆಗೆ ಅಂಟಿಸಿಕೊಂಡು ಮತ್ತೆ ಕೂರುತ್ತಾರೆ. ತೀರಾ ಕೈಲಾಗದಿದ್ದರೆ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗನೊಬ್ಬ ಒಳಗೆ ಬಂದು ಪಕ್ಕದಲ್ಲಿ ಕೂತು ಉಪಾಯ ಹೇಳಿಕೊಡುತ್ತಾನೆ. ಸೆಟ್ಟಿಲ್ಲ, ಡ್ಯಾನ್ಸಿಲ್ಲ. ಎರಡು ದಶಕ ಕಳೆದರೂ ಜನ ನೋಡುತ್ತಲೇ ಇದ್ದಾರೆ.

ಎಡಿಟರ್ ಕಣ್ಣಿಂದ ಅದನ್ನು ನೋಡು. ದಿನವಿಡೀ ಆಡಿದ್ದನ್ನು ಒಂದು ಗಂಟೆಗೆ ಇಳಿಸಬೇಕು. ಸುಮ್ನೆ ಗೆದ್ದ ಜಾಗಗಳನ್ನು ಜೋಡಿಸಿದರೆ ಐದು ನಿಮಿಷಕ್ಕೆ ರಿಮೋಟ್ ಒತ್ತುತ್ತಾರೆ. ಸೋತ ಜಾಗವನ್ನು ಹಿಡಿಯಬೇಕು. ಒಂದೇ ಹಳ್ಳದಲ್ಲಿ ಮನುಷ್ಯ ಹತ್ತು ಸಲ ಬಿದ್ದಿದ್ದಾನೆ ಅಂದುಕೋ. ಮೊದಲ ಸಲ ಪೂರ್ತಿ ತೋರಿಸು, ಹಳ್ಳ ಎಲ್ಲಿದೆ, ಎಷ್ಟು ಅಗಲ, ಜಿಗಿಯುವುದು ಯಾವಾಗ ಅಂತ ನಮಗೂ ತಿಳಿಯಲಿ. ಎರಡನೆಯದು ಅರ್ಧ. ಆಮೇಲೆ ಆರೇಳು ಸಲದ್ದು ಬರೀ ಬೀಳುವ ಕ್ಷಣ, ಟಪ ಟಪ ಅಂತ. ಕೊನೆಗೆ ದಾಟುವ ಸಲ ಮತ್ತೆ ಪೂರ್ತಿ ಉದ್ದ, ಕಟ್ ಮಾಡಬೇಡ, ಹಿನ್ನೆಲೆ ಸಂಗೀತ ಹಾಕಬೇಡ. ಗೇಮ್‌ನದೇ ಸದ್ದು ಇರಲಿ, ಅರ್ಧಕ್ಕರ್ಧ ಹೊತ್ತು ಮುಖ ಇರಲಿ. ಆ ಹೊತ್ತಿಗೆ ನೋಡುವವರ ಹೆಬ್ಬೆರಳೂ ಅಲ್ಲಾಡುತ್ತಿರುತ್ತದೆ.

ಇದಕ್ಕೆ ಬೇಕಾದದ್ದು ಶೂಟಿಂಗ್ ದಿನವೇ ಸಿಗಬೇಕು. ಮುಖಕ್ಕೆ ಒಂದು ಕ್ಯಾಮೆರಾ, ಬೆರಳಿಗೆ ಒಂದು, ಎರಡೂ ಆಫ್ ಮಾಡಲೇಬಾರದು. ಗೇಮ್ ಚಿತ್ರವನ್ನು ಪರದೆಯಿಂದ ಶೂಟ್ ಮಾಡದೆ ನೇರವಾಗಿ ರೆಕಾರ್ಡ್ ಮಾಡಿಸು. ಪ್ಲೇಸ್ಟೇಷನ್ ಆದರೆ ಸೆಟಿಂಗ್ಸ್‌ಗೆ ಹೋಗಿ ಎಚ್‌ಡಿಸಿಪಿ ಅನ್ನುವ ನಕಲು ತಡೆಯುವ ಬೀಗ ಆಫ್ ಮಾಡಿಸು, ಇಲ್ಲದಿದ್ದರೆ ರೆಕಾರ್ಡರ್‌ಗೆ ಬರುವುದು ಕಪ್ಪು ಚಿತ್ರ. ಪ್ರತಿ ಟೇಕ್‌ಗೂ ಚಪ್ಪಾಳೆ ತಟ್ಟಿಸು, ಮೂರು ಚಿತ್ರವನ್ನೂ ಒಟ್ಟಿಗೆ ಕೂರಿಸಲು ನಿನ್ನ ಎಡಿಟರ್ ಕೈ ಮುಗಿಯುತ್ತಾನೆ. ಗೇಮ್ ಸೆಕೆಂಡಿಗೆ 60 ಫ್ರೇಮ್ ಓಡುತ್ತದೆ, ನಮ್ಮ ಪ್ರಸಾರ 25. ಕಣ್ಣುಮುಚ್ಚಿ ಬದಲಾಯಿಸಿದರೆ ಓಡುವ ಕಾರು ತಡವರಿಸುತ್ತದೆ, ಒಂದು ತುಣುಕನ್ನು ಮೊದಲೇ ಟೆಸ್ಟ್ ಮಾಡಿ ನೋಡು. ಹಳೇ ಗೇಮ್‌ಗಳು 4:3 ಅಳತೆಯವು, ಪರದೆ ತುಂಬಲಿ ಅಂತ ಎಳೆದು ದಪ್ಪ ಮಾಡಬೇಡ. ಪಕ್ಕದಲ್ಲಿ ಉಳಿಯುವ ಜಾಗದಲ್ಲೇ ಆಡುವವನ ಮುಖ ಕೂರಿಸಬಹುದು, ಅಲ್ವಾ?

ಮಿಂಚುವ ಬೆಳಕಿನ ವಿಚಾರದಲ್ಲಿ ನಿನಗೆ ವಿನಾಯಿತಿ ಇಲ್ಲ. 1997ರ ಡಿಸೆಂಬರ್ 16ರಂದು ಜಪಾನಿನಲ್ಲಿ ಪೋಕೆಮಾನ್ ಕಾರ್ಟೂನಿನ ಒಂದು ಕಂತಿನಲ್ಲಿ ಕೆಂಪು ನೀಲಿ ಬಣ್ಣ ಪಟಪಟನೆ ಮಿಂಚಿತು. ಸುಮಾರು 685 ಜನರನ್ನು, ಹೆಚ್ಚಿನವರು ಮಕ್ಕಳು, ಆಸ್ಪತ್ರೆಗೆ ಕರೆದೊಯ್ಯಬೇಕಾಯಿತು. ಫಿಟ್ಸ್ ಬಂದವರೂ ಇದ್ದರು. ಬಾಂಬ್ ಸಿಡಿಯುವ ದೃಶ್ಯ ಗೇಮ್‌ನಲ್ಲಿ ಬಂದೇ ಬರುತ್ತದೆ. ಸೆಕೆಂಡಿಗೆ ಮೂರಕ್ಕಿಂತ ಜಾಸ್ತಿ ಮಿಂಚು ಕಂಡರೆ ಆ ಭಾಗ ಮಂಕು ಮಾಡಿಸು, ಇಲ್ಲವೇ ತೆಗೆಸು. ನಿರ್ಮಾಪಕರು ಎಷ್ಟೇ ಹಟ ಹಿಡಿಯಲಿ.

ಇನ್ನು ದುಡ್ಡಿನ ಮಾತು. ಯಾವುದೋ ಒಂದೇ ಗೇಮ್ ನಂಬಿಕೊಂಡು ಇಡೀ ಸರಣಿ ಕಟ್ಟಬೇಡ. 2022ರಲ್ಲಿ ಸ್ಟಾರ್ ಸ್ಪೋರ್ಟ್ಸ್ 2 ಚಾನೆಲ್ ಬಿಜಿಎಂಐ, ಅಂದರೆ ಬ್ಯಾಟಲ್‌ಗ್ರೌಂಡ್ಸ್ ಮೊಬೈಲ್ ಇಂಡಿಯಾ ಅನ್ನುವ ಮೊಬೈಲ್ ಗೇಮ್‌ನ ಪಂದ್ಯಾವಳಿಯನ್ನು ಟಿವಿಯಲ್ಲಿ ತೋರಿಸಿತು. ಅಲ್ಲಿಯವರೆಗೆ ಮೊಬೈಲ್‌ನಲ್ಲೇ ನೋಡುತ್ತಿದ್ದ ಹುಡುಗರು ಅಪ್ಪ ಅಮ್ಮನ ಜೊತೆ ಹಾಲ್‌ನಲ್ಲಿ ಕೂತು ನೋಡುವಂತಾಯಿತು. ಜುಲೈ ಮಧ್ಯದಲ್ಲಿ ಫೈನಲ್ ಮುಗಿಯಿತು. ಅದೇ ತಿಂಗಳ ಕೊನೆಗೆ ಆ ಗೇಮ್ ಆ್ಯಪ್ ಸ್ಟೋರ್‌ನಿಂದಲೇ ಮಾಯ. ವಾಪಸ್ ಬಂದದ್ದು ಮರುವರ್ಷ ಮೇ ತಿಂಗಳಲ್ಲಿ. ಅದರ ಹಿಂದಿನ ಪಬ್‌ಜಿ ಮೊಬೈಲ್ ಕಥೆಯೂ ನಿನಗೆ ಗೊತ್ತು, 2020ರ ಸೆಪ್ಟೆಂಬರ್‌ನಲ್ಲಿ ಕೇಂದ್ರ ಸರ್ಕಾರದ ಒಂದು ಆದೇಶದಲ್ಲಿ ಹೋಯಿತು. ಹತ್ತು ಕಂತು ಶೂಟ್ ಮಾಡಿ ಡಬ್ಬದಲ್ಲಿಟ್ಟಿರುವಾಗ ಹೀಗಾದರೆ ಏನು ಮಾಡುತ್ತೀಯ? ಮನುಷ್ಯರ ಮೇಲೆ ನಿಂತ ಕಾರ್ಯಕ್ರಮವಾದರೆ ಗೇಮ್ ಬದಲಾಯಿಸಿ ಮುಂದೆ ಹೋಗಬಹುದು.

ಮಾರ್ಕೆಟಿಂಗ್‌ನವರು ರಮ್ಮಿ, ಫ್ಯಾಂಟಸಿ ಆಟದವರ ಚೆಕ್ ತೋರಿಸಿದರೆ ಮುಟ್ಟಬೇಡ. ನಮ್ಮ ರಾಜ್ಯದಲ್ಲಿ 2021ರಲ್ಲಿ ಪೊಲೀಸ್ ಕಾಯ್ದೆ ತಿದ್ದಿ ನಿಷೇಧಿಸಿದರು, ಮರುವರ್ಷ ಫೆಬ್ರವರಿಯಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು, ಅದೆಲ್ಲ ಹಳೇ ಮಾತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಮಾಡಿದ ಕಾನೂನು ಹಣ ಕಟ್ಟಿ ಆಡುವ ಆನ್‌ಲೈನ್ ಆಟವನ್ನೂ ಅದರ ಜಾಹೀರಾತನ್ನೂ ನಿಷೇಧಿಸುತ್ತದೆ. ಇ-ಸ್ಪೋರ್ಟ್ಸ್‌ಗೆ, ಅಂದರೆ ಪಂದ್ಯವಾಗಿ ಆಡುವ ವಿಡಿಯೋ ಗೇಮ್‌ಗೆ, ಅದೇ ಕಾನೂನು ಬೇರೆ ಜಾಗ ಕೊಟ್ಟಿದೆ. ನೀನು ಆ ಗೆರೆಯ ಈಚೆಗೇ ಇರು. ಗೇಮ್ ಕಂಪನಿಗಳಿಂದ ಟಿವಿ ಪ್ರಸಾರಕ್ಕೆ ಅಂತಲೇ ಲಿಖಿತ ಅನುಮತಿ ತಗೋ. ಕಾರಿನ ಗೇಮ್‌ಗಳಲ್ಲಿ ರೇಡಿಯೋ ಹಾಡು ಬರುತ್ತವಲ್ಲ, ಅವುಗಳ ಹಕ್ಕು ಬೇರೆಯವರದು. ಶೂಟ್ ಮಾಡುವಾಗಲೇ ಆ ಹಾಡು ಆಫ್ ಮಾಡಿಸು.

ಒಂದು ಕಂತು ನನ್ನ ಆಸೆಗೆ ಮಾಡು. ಬೆಂಗಳೂರಿನಲ್ಲಿ 1997ರಲ್ಲೇ ರಾಜೇಶ್ ರಾವ್ ಅವರು ಧ್ರುವ ಇಂಟರ್ಯಾಕ್ಟಿವ್ ಅಂತ ಗೇಮ್ ಕಂಪನಿ ಕಟ್ಟಿದರು. 2019ರಲ್ಲಿ ಅದನ್ನು ಅಮೆರಿಕದ ದೊಡ್ಡ ಗೇಮ್ ಕಂಪನಿ ರಾಕ್‌ಸ್ಟಾರ್ ಗೇಮ್ಸ್ ಕೊಂಡುಕೊಂಡಿತು. ಹೊರದೇಶದ ಕಾರ್ ರೇಸಿಂಗ್ ಗೇಮ್‌ಗಳ ಎಷ್ಟೋ ಕಾರುಗಳು ನಮ್ಮೂರಿನ ಹುಡುಗ ಹುಡುಗಿಯರ ಕಂಪ್ಯೂಟರ್‌ನಲ್ಲಿ ಮೂಡಿದವು. ಒಂದು ಸ್ಟೀರಿಂಗ್ ಚಕ್ರದ ಹೊಲಿಗೆ, ಬಾಗಿಲಿನ ಹಿಡಿ, ಗಾಜಿನ ಮೇಲಿನ ಹೊಳಪು, ಇದಕ್ಕೆಲ್ಲ ಯಾರೋ ವಾರಗಟ್ಟಲೆ ಕೂತಿರುತ್ತಾರೆ. ಈ ಕೆಲಸ ಮಾಡಿದ ಒಬ್ಬರನ್ನು ಹುಡುಕಿ, ತಾವು ಮಾಡಿದ ಕಾರನ್ನು ತಾವೇ ಓಡಿಸಲು ಕೂರಿಸು. ಗೋಡೆಗೆ ಗುದ್ದಿದಾಗ ಅವರ ಮುಖ ಹೇಗಾಗುತ್ತದೋ ನನಗೆ ನೋಡಬೇಕು.

ಪೈಲಟ್ ಕಂತು ಕಟ್ ಆದ ತಕ್ಷಣ ಕಳಿಸು. ಗ್ರಾಫಿಕ್ಸ್ ಆಗಿಲ್ಲ, ಮ್ಯೂಸಿಕ್ ಆಗಿಲ್ಲ ಅಂತ ಕಾಯಬೇಡ. ನಾನು ನೋಡುವುದಿರಲಿ, ನಿನ್ನ ದೊಡ್ಡಮ್ಮನ ಮುಂದೆ ಹಾಕುತ್ತೇನೆ. ಅವಳು ಇದುವರೆಗೆ ಒಂದು ಗೇಮ್ ಮುಟ್ಟಿದವಳಲ್ಲ. ಯಾವ ನಿಮಿಷಕ್ಕೆ ಅಡುಗೆಮನೆಗೆ ಎದ್ದು ಹೋದಳು ಅಂತ ಬರೆದು ಕಳಿಸುತ್ತೇನೆ, ನಿನ್ನ ಎಡಿಟರ್‌ಗೆ ತೋರಿಸು.

ನಿಮ್ಮಪ್ಪನಿಗೆ ನಾನು ಬರೆದದ್ದು ಹೇಳಬೇಡ.

ಇಂತಿ,
ನಿನ್ನ ದೊಡ್ಡಪ್ಪ