ಮಿಲ್ಲು ಕೊಂಡವನು ಗಿರಣಿ ಕೊಂಡವನಿಗೆ ಬರೆದದ್ದು

ಪ್ರೀತಿಯ ಮಂಜು,

ನಿನ್ನ ಮೆಸೇಜ್ ಓದಿ ಹೊಟ್ಟೆ ಉರಿಯಿತು. ನನಗೆ ಎಣ್ಣೆ ಮಿಲ್ಲು ಮಾರಿದವನ ಹಾಗೇ, ಚಿಂತಾಮಣಿಯಲ್ಲಿ ನಿನಗೆ ಗಿರಣಿ ಮಾರಿದವನೂ ಸುಳ್ಳು ಹೇಳಿ ಕೈ ಕೊಟ್ಟನಾ? "ಉಳಿದ ಚೆಕ್‌ಗಳಿಗೆ ಸ್ಟಾಪ್ ಪೇಮೆಂಟ್ ಹಾಕಿ ನೇರ ಸ್ಟೇಷನ್‌ಗೆ ಹೋಗ್ತೀನಿ" ಅಂತ ಬರೆದಿದ್ದೀಯಲ್ಲ, ಎರಡು ದಿನ ತಡಿ ಕಣೋ. ಫೋನಿನಲ್ಲಿ ಹೇಳಿದರೆ ನಿನ್ನ ತಲೆಗೆ ಹೋಗಲ್ಲ ಅಂತ ಕೂತು ಬರೆಯುತ್ತಿದ್ದೇನೆ.

ಮೊದಲು ಚೆಕ್ಕಿನ ವಿಷಯ. ಮೋಸ ಮಾಡಿದವನಿಗೆ ಯಾಕೆ ದುಡ್ಡು ಕೊಡಬೇಕು ಅಂತ ನಿನಗೆ ಅನ್ನಿಸೋದು ಸಹಜ. ಆದರೆ ಸ್ಟಾಪ್ ಪೇಮೆಂಟ್ ಹಾಕಿದರೂ, ಅಂದರೆ ಆ ಚೆಕ್ಕಿಗೆ ದುಡ್ಡು ಕೊಡಬೇಡಿ ಅಂತ ಬ್ಯಾಂಕಿಗೆ ಹೇಳಿದರೂ, ಚೆಕ್ ಬೌನ್ಸ್ ಕೇಸಿನಿಂದ ತಪ್ಪಿಸಿಕೊಳ್ಳೋಕೆ ಆಗಲ್ಲ. ಸುಪ್ರೀಂ ಕೋರ್ಟ್ ಇದನ್ನು ಹಿಂದೆಯೇ ಹೇಳಿದೆ. ಬ್ಯಾಂಕಿನಿಂದ ಚೆಕ್ ವಾಪಸ್ ಬಂದದ್ದು ತಿಳಿದ 30 ದಿನದೊಳಗೆ ಅವನು ನಿನಗೆ ನೋಟಿಸ್ ಕೊಡಬೇಕು. ನೋಟಿಸ್ ತಲುಪಿ 15 ದಿನದಲ್ಲಿ ನೀನು ಕಟ್ಟದಿದ್ದರೆ, ಆಮೇಲೆ ಒಂದು ತಿಂಗಳೊಳಗೆ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ (ಚೆಕ್ಕುಗಳ ಕಾಯ್ದೆ) 138ನೇ ಕಲಂ ಕೆಳಗೆ ಕೇಸು ಹಾಕುತ್ತಾನೆ. ಅಲ್ಲಿಗೆ ಮೋಸ ಹೋದ ನೀನೇ ಆರೋಪಿ. ಜಾಮೀನಿಗೆ ಓಡಾಟ ನಿನ್ನದು. ಕೇಸು ಮುಗಿಯುವ ಮೊದಲೇ ಚೆಕ್ಕಿನ ಮೊತ್ತದಲ್ಲಿ ಶೇಕಡಾ 20ರವರೆಗೆ ಮಧ್ಯಂತರ ಪರಿಹಾರ ಕಟ್ಟಿಸುವ ಅಧಿಕಾರವೂ ಕೋರ್ಟಿಗಿದೆ. ಖಾತೆಯಲ್ಲಿ ದುಡ್ಡಿತ್ತು, ಅವನಿಗೆ ಕೊಡಬೇಕಾದ ಬಾಕಿಯೇ ಇರಲಿಲ್ಲ ಅಂತ ನೀನು ವಾದ ಮಾಡಬಹುದು. ಆದರೆ ಅದನ್ನು ತೋರಿಸುವ ಹೊಣೆ ನಿನ್ನ ಮೇಲೇ ಬೀಳುತ್ತದೆ.

ಹಾಗಂತ ದುಡ್ಡು ಕಟ್ಟು ಅಂತಿಲ್ಲ. ಚೆಕ್ ನಿಲ್ಲಿಸುವ ಮೊದಲು ವಕೀಲರ ಕೈಲಿ ಒಂದು ನೋಟಿಸ್ ಕೊಡಿಸು. ಏನು ಸುಳ್ಳು ಹೇಳಿದ, ಅದರಿಂದ ಎಷ್ಟು ನಷ್ಟ ಆಯಿತು, ಆ ಮೊತ್ತ ಯಾಕೆ ಹಿಡಿದಿದ್ದೀಯ, ಎಲ್ಲ ಅದರಲ್ಲಿರಲಿ. ರಿಜಿಸ್ಟರ್ಡ್ ಪೋಸ್ಟಿನಲ್ಲಿ ಹೋಗಲಿ. ನಾಳೆ ಅವನು ಕೇಸು ಹಾಕಿದರೆ, ದುಡ್ಡಿಲ್ಲದೆ ನೆಪ ಹೇಳಿದೆ ಅಂತ ಯಾರೂ ಅನ್ನಬಾರದು. ನನ್ನ ವಕೀಲರು ನನ್ನ ಕೈಲಿ ಮಾಡಿಸಿದ್ದು ಇದನ್ನೇ. ಈಗ ನನಗೆ ಮಿಲ್ಲು ಮಾರಿದವನು ಹಾಕಿರುವ ಚೆಕ್ ಕೇಸಿನಲ್ಲಿ ನಮ್ಮ ಕಡೆ ಇರುವ ಗಟ್ಟಿ ಕಾಗದ ಆ ನೋಟಿಸೇ.

ಇನ್ನು ಸ್ಟೇಷನ್. ಇಲ್ಲಿ ತುಮಕೂರಿನಲ್ಲಿ ನಾನೂ ದೂರು ಕೊಟ್ಟೆ. ಮೋಸಕ್ಕೆ ಹಾಕುತ್ತಿದ್ದ ಹಳೇ ಐಪಿಸಿ 420ನೇ ಕಲಂ ಈಗ ಭಾರತೀಯ ನ್ಯಾಯ ಸಂಹಿತೆಯಲ್ಲಿ 318(4) ಆಗಿದೆ, ಏಳು ವರ್ಷದವರೆಗೆ ಶಿಕ್ಷೆ. ಕೇಳೋಕೆ ಜೋರಾಗಿದೆ ಅಲ್ವಾ? ನನಗೆ ಸಿಕ್ಕಿದ್ದು "ಇದು ಸಿವಿಲ್ ಸ್ವರೂಪದ ವ್ಯಾಜ್ಯ, ನ್ಯಾಯಾಲಯದಲ್ಲಿ ಬಗೆಹರಿಸಿಕೊಳ್ಳುವುದು" ಅನ್ನುವ ಪೊಲೀಸರ ಹಿಂಬರಹ. ಅದರ ಮೇಲೆ ಎಸ್‌ಪಿಗೆ ಬರೆಯಬಹುದು, ಮ್ಯಾಜಿಸ್ಟ್ರೇಟ್ ಹತ್ತಿರ ಹೋಗಬಹುದು. ಆದರೆ ಕೊಟ್ಟ ದುಡ್ಡು ವಾಪಸ್ ಬರಬೇಕು ಅಂದರೆ ಸಿವಿಲ್ ದಾವೆಯೇ ಬೇಕು. ಪೊಲೀಸ್ ಕೇಸು ಸಿಟ್ಟಿಗೆ ಮದ್ದು ಅಷ್ಟೇ ಅನ್ನೋದು ನನ್ನ ಅಭಿಪ್ರಾಯ. ನೀನು ಒಪ್ಪಲ್ಲ, ಗೊತ್ತು.

ನನ್ನ ಎಣ್ಣೆ ಮಿಲ್ಲಿನ ಕಥೆ ನಿನಗೆ ಪೂರ್ತಿ ಗೊತ್ತಿಲ್ಲ. ಮಾರಿದವನು ಕರಾರಿನಲ್ಲಿ "ಯಂತ್ರಗಳ ಮೇಲೆ ಯಾವ ಸಾಲವೂ ಇಲ್ಲ" ಅಂತ ಸ್ಪಷ್ಟವಾಗಿ ಬರೆದು ಸಹಿ ಹಾಕಿದ್ದ. ಒಂದು ದಿನ ಎಕ್ಸ್‌ಪೆಲ್ಲರ್ (ಎಣ್ಣೆ ಹಿಂಡುವ ಮೆಷಿನ್ನು) ಒರೆಸುತ್ತಿದ್ದಾಗ ಮೋಟಾರಿನ ಪಕ್ಕದ ತಗಡಿನಲ್ಲಿ, ಹಸಿರು ಬಣ್ಣದ ಕೆಳಗೆ ಅಕ್ಷರಗಳು ಉಬ್ಬಿಕೊಂಡ ಹಾಗೆ ಕಂಡವು. ಥಿನ್ನರ್ ಹಾಕಿ ಬಟ್ಟೆಯಲ್ಲಿ ಉಜ್ಜಿದೆ. ಬ್ಯಾಂಕೊಂದರ ಹೆಸರು, ಮೆಷಿನ್ನು ಅದರ ಸಾಲಕ್ಕೆ ಆಧಾರ ಅನ್ನುವ ಒಂದು ಸಾಲು. ಅದರ ಮೇಲೆ ನೀಟಾಗಿ ಎರಡು ಕೋಟ್ ಪೇಂಟ್ ಹೊಡೆಸಿದ್ದ ಮಹಾನುಭಾವ! ನೆಲಗಡಲೆ ಹಿಂಡಿಯ ಪುಡಿ ಆ ಬಣ್ಣಕ್ಕೆ ಅಂಟಿ ಹಾಗೇ ಒಣಗಿತ್ತು. ಫೋಟೋ ತೆಗೆದು, ತಗಡನ್ನು ಮುಟ್ಟದೆ ಬಿಟ್ಟಿದ್ದೇವೆ.

ಇದನ್ನು ಇಷ್ಟು ಉದ್ದ ಹೇಳೋಕೆ ಕಾರಣ ಇದೆ. ಅವನು ಮುಚ್ಚಿಟ್ಟಿದ್ದು ಬೇರೆ, ಬಾಯಿಬಿಟ್ಟು ಸುಳ್ಳು ಹೇಳಿದ್ದು ಬೇರೆ. 1872ರ ಕರಾರು ಕಾಯ್ದೆಯ 19ನೇ ಕಲಂ ಪ್ರಕಾರ, ಮಾರಿದವನು ಬರೀ ಸುಮ್ಮನಿದ್ದರೆ, "ಮಾಮೂಲಿ ಎಚ್ಚರ ವಹಿಸಿದ್ದರೆ ಇವರಿಗೇ ಗೊತ್ತಾಗುತ್ತಿತ್ತು" ಅಂತ ಅವನ ಕಡೆಯವರು ನಿನ್ನ ಮೇಲೇ ತಿರುಗಿಸಬಹುದು. ಬೇಕಂತಲೇ ಸುಳ್ಳು ಹೇಳಿದ್ದನ್ನು ತೋರಿಸಿದರೆ ಆ ವಾದ ಅಷ್ಟು ಸುಲಭಕ್ಕೆ ನಡೆಯಲ್ಲ. ಬೆಸ್ಕಾಂ ಕರೆಂಟ್ ಬಾಕಿ ಬಗ್ಗೆ ನಾನು ಕೇಳಿದಾಗ ಅವನು ವಾಟ್ಸಾಪ್‌ನಲ್ಲಿ "ಎಲ್ಲಾ ಕ್ಲಿಯರ್ ಅಣ್ಣಾ, ಟೆನ್ಶನ್ ಬೇಡ" ಅಂತ ಹಾಕಿದ್ದ. ಅದೊಂದು ಸಾಲು ನನಗೆ ಈಗ ಚಿನ್ನ. ನೀನೂ ಹಳೇ ಮೆಸೇಜ್ ಎಲ್ಲ ಹುಡುಕು. ಅವನು ಏನನ್ನು ಮುಚ್ಚಿಟ್ಟ ಅಂತಲ್ಲ, ಏನಂತ ಹೇಳಿದ ಅಂತ ಹುಡುಕು. ಫೋನ್ ಮಾತ್ರ ಬದಲಾಯಿಸಬೇಡ. ಕೋರ್ಟಿಗೆ ಮೆಸೇಜ್ ಕೊಡಬೇಕಾದರೆ ಅದನ್ನು ಯಾವ ಫೋನಿನಿಂದ ಹೇಗೆ ತೆಗೆದದ್ದು ಅಂತ ಹೇಳುವ, ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಂ ಪ್ರಮಾಣಪತ್ರ ಜೊತೆಗೆ ಬೇಕು.

ಗಿರಣಿ ವಾಪಸ್ ಕೊಟ್ಟು ಪೂರ್ತಿ ದುಡ್ಡು ಕೇಳ್ತೀಯಾ, ಗಿರಣಿ ಇಟ್ಟುಕೊಂಡು ನಷ್ಟ ಕೇಳ್ತೀಯಾ, ಅದನ್ನೂ ಬೇಗ ತೀರ್ಮಾನ ಮಾಡು. ಮೋಸ ಗೊತ್ತಾದ ಮೇಲೂ ತಿಂಗಳುಗಟ್ಟಲೆ ನಡೆಸಿ, ಲಾಭ ತಿಂದು, ಆಮೇಲೆ ಕರಾರೇ ಬೇಡ ಅಂದರೆ ಕೋರ್ಟು ಒಪ್ಪೋದು ಕಷ್ಟ. ನಾನು ಮಿಲ್ಲು ಇಟ್ಟುಕೊಂಡೆ. ಗಿರಾಕಿಗಳು ಈಗ ನನ್ನವರು, ಕಾಯಿ ತರುವ ರೈತರೂ ನನ್ನನ್ನು ನಂಬಿದ್ದಾರೆ. ದಾವೆ ಹಾಕೋಕೆ ಮೋಸ ಗೊತ್ತಾದ ದಿನದಿಂದ ಮೂರು ವರ್ಷ ಇದೆ. ಆದರೆ ಅಲ್ಲಿಯವರೆಗೆ ಕಾಯಬೇಡ.

ಜಿಎಸ್‌ಟಿ ಒಂದು ನೋಡಿಸು. ವ್ಯಾಪಾರ ಕೈ ಬದಲಾದರೆ ಹಳೇ ತೆರಿಗೆ ಬಾಕಿಗೆ ಮಾರಿದವನ ಜೊತೆ ಕೊಂಡವನೂ ಹೊಣೆ, 85ನೇ ಕಲಂ. ಕರೆಂಟ್ ಬಾಕಿಯೂ ಹಾಗೇ. ನಿಯಮದಲ್ಲಿ ಅವಕಾಶ ಇದ್ದರೆ ಹಳೇ ಮಾಲೀಕನ ಬಾಕಿಯನ್ನು ಹೊಸಬನಿಂದ ವಸೂಲಿ ಮಾಡಬಹುದು ಅಂತ ಸುಪ್ರೀಂ ಕೋರ್ಟ್ 2023ರಲ್ಲಿ ಹೇಳಿತು. ನಾನು ಕಟ್ಟಿದ್ದೇನೆ, ರಸೀದಿಯನ್ನು ನಷ್ಟದ ಲೆಕ್ಕಕ್ಕೆ ಸೇರಿಸಿದ್ದೇನೆ.

ಇನ್ನೊಂದು ತಮಾಷೆ ಕೇಳು. ಮೂರು ವರ್ಷ ಊರೊಳಗೆ ಎಣ್ಣೆ ಮಿಲ್ಲು ಹಾಕಲ್ಲ ಅಂತ ಬರೆದುಕೊಟ್ಟಿದ್ದ. ಗುಡ್‌ವಿಲ್ (ವ್ಯಾಪಾರದ ಹೆಸರು, ಗಿರಾಕಿಗಳ ನಂಬಿಕೆ) ಸಮೇತ ಮಾರಿದಾಗ ಇಂಥ ಷರತ್ತು, ಜಾಗ ಮತ್ತು ಅವಧಿ ನ್ಯಾಯವಾಗಿದ್ದರೆ, ಕಾನೂನಿನಲ್ಲಿ ನಿಲ್ಲುತ್ತದೆ. ಆಸಾಮಿ ಬಾಮೈದನ ಹೆಸರಲ್ಲಿ ಅದೇ ರಸ್ತೆಯಲ್ಲಿ ಬೋರ್ಡ್ ಹಾಕಿಸಿದ. ಬಾಮೈದ ಕರಾರಿಗೆ ಸಹಿ ಹಾಕಿಲ್ಲವಲ್ಲ ಅಂತ ಈಗ ಅವರ ವಾದ. ಗಲ್ಲಾದಲ್ಲಿ ಕೂರೋದು ಮಾತ್ರ ಇವನೇ! ತಡೆಯಾಜ್ಞೆ ಅರ್ಜಿ ಹಾಕಿದ್ದೇವೆ. ವಾಯಿದೆ ಮೇಲೆ ವಾಯಿದೆ.

ನಿಜ ಹೇಳಬೇಕಂದರೆ, ಸ್ವಲ್ಪ ಕಮ್ಮಿ ಸಿಕ್ಕರೂ ಲೋಕ ಅದಾಲತ್‌ನಲ್ಲಿ ಮುಗಿಸೋಣ ಅಂತ ನಾನು ಮನಸ್ಸು ಮಾಡಿದ್ದೇನೆ. ಅಲ್ಲಿ ರಾಜಿಯಾದರೆ ಕಟ್ಟಿದ ಕೋರ್ಟ್ ಫೀ ವಾಪಸ್ ಬರುತ್ತೆ, ಅವನು ಅಪೀಲು ಹೋಗುವ ಹಾಗೂ ಇಲ್ಲ. ಮನೆಯವಳು "ಪೂರ್ತಿ ವಸೂಲಿ ಮಾಡ್ರಿ" ಅಂತಾಳೆ. ಅವಳು ಕೋರ್ಟಿನ ಬೆಂಚಿನ ಮೇಲೆ ಇನ್ನೂ ಕೂತಿಲ್ಲ.

ಭಾನುವಾರ ಇಲ್ಲಿಗೆ ಬಾ. ಕರಾರಿನ ಅಸಲು, ಚೆಕ್ ಬುಕ್ಕಿನ ಕೌಂಟರ್‌ಫಾಯಿಲ್, ಬ್ಯಾಂಕ್ ಸ್ಟೇಟ್‌ಮೆಂಟ್ ತಗೊಂಡು ಬಾ. ಕರಾರನ್ನು ಎಷ್ಟರ ಛಾಪಾ ಕಾಗದದಲ್ಲಿ ಮಾಡಿಸಿದ್ದೀರಿ ಅಂತಲೂ ನೋಡು. ಶುಲ್ಕ ಕಮ್ಮಿ ಇದ್ದರೆ ಅದನ್ನು ಸಾಕ್ಷಿಯಾಗಿ ತಗೊಳ್ಳೋಕೆ ಮೊದಲು ಕೋರ್ಟು ಕೊರತೆಯ ಹತ್ತುಪಟ್ಟು ದಂಡ ಕಟ್ಟಿಸುತ್ತೆ. ಮತ್ತೆ, ಗಿರಣಿ ಕಟ್ಟಡದ ಬಾಡಿಗೆ ಕರಾರು ಈಗ ಯಾರ ಹೆಸರಲ್ಲಿದೆ? ಅದನ್ನು ನೀನು ಬರೆದೇ ಇಲ್ಲ. ಇನ್ನೂ ಅವನ ಹೆಸರಲ್ಲೇ ಇದ್ದರೆ, ಭಾನುವಾರದವರೆಗೆ ಕಾಯದೆ ಇವತ್ತೇ ಕಟ್ಟಡದ ಮಾಲೀಕರನ್ನು ಹೋಗಿ ನೋಡು.

ಇಂತಿ ನಿನ್ನ ಗೆಳೆಯ,
ತುಮಕೂರಿನಿಂದ