ಪ್ರಭಾವಿ ಗೇಮ್‌ಗಳ ಪಟ್ಟಿಯಲ್ಲಿ ಬಿಟ್ಟುಹೋದ ಲೆಕ್ಕ

ಸಂಪಾದಕರಿಗೆ,

ಮಾನ್ಯರೇ,

ತಮ್ಮ ರೂಪವನ್ನೇ ಬದಲಿಸಿಕೊಂಡ ವಿಡಿಯೊ ಗೇಮ್ ಪ್ರಕಾರಗಳ ಕುರಿತು ಪುರವಣಿಯಲ್ಲಿ ಬಂದ ಬರಹದಲ್ಲಿ ಹೆಸರು, ವರ್ಷ, ಮಾರಾಟದ ಅಂಕಿ ಎಲ್ಲವೂ ಇದ್ದವು. ಆಟ ಬದಲಾದದ್ದು ಹೇಗೆ ಎಂಬುದು ಮಾತ್ರ ಇರಲಿಲ್ಲ. ಎಷ್ಟು ಪ್ರತಿ ಖರ್ಚಾಯಿತು ಎನ್ನುವುದಕ್ಕೂ ಪ್ರಭಾವಕ್ಕೂ ನೇರ ನಂಟಿಲ್ಲ. ಒಂದು ಗೇಮ್ ಬಂದ ಮೇಲೆ ಅದೇ ಬಗೆಯ ಮುಂದಿನ ಗೇಮ್‌ಗಳಲ್ಲಿ ಯಾವ ನಿಯಮ ಸೇರಿಕೊಂಡಿತು, ಯಾವ ಬಟನ್‌ಗೆ ಯಾವ ಕೆಲಸ ಖಾಯಂ ಆಯಿತು ಎಂದು ನೋಡಬೇಕು. ಜೊತೆಗೆ ಯಾವುದು ಸದ್ದಿಲ್ಲದೆ ಮಾಯವಾಯಿತು ಎಂಬುದನ್ನೂ ನೋಡಬೇಕು. ಈ ಕೊನೆಯದನ್ನು ಇಂಥ ಪಟ್ಟಿಗಳು ಬರೆಯುವುದೇ ಇಲ್ಲ.

ಸ್ಪೇಸ್ ಇನ್ವೇಡರ್ಸ್ (1978) ತೆಗೆದುಕೊಳ್ಳಿ. ತೆರೆಯ ಮೇಲೆ ಸಾಲಿಗೆ 11ರಂತೆ ಐದು ಸಾಲು, ಒಟ್ಟು 55 ಶತ್ರುಗಳು. ಅದರ 8080 ಪ್ರೊಸೆಸರ್ ಒಂದು ಫ್ರೇಮ್‌ಗೆ, ಅಂದರೆ ತೆರೆಯ ಚಿತ್ರ ಒಮ್ಮೆ ಹೊಸದಾಗುವಷ್ಟರಲ್ಲಿ, ಒಂದೇ ಶತ್ರುವನ್ನು ಸರಿಸುತ್ತದೆ. ಸೆಕೆಂಡಿಗೆ ಸುಮಾರು 60 ಫ್ರೇಮ್. ಹಾಗಾಗಿ 55 ಶತ್ರುಗಳಿದ್ದಾಗ ಇಡೀ ದಂಡು ಒಂದು ಹೆಜ್ಜೆ ಇಡಲು ಹತ್ತಿರ ಹತ್ತಿರ ಒಂದು ಸೆಕೆಂಡ್ ಬೇಕು. ಹತ್ತೇ ಉಳಿದರೆ ಸೆಕೆಂಡಿನ ಆರನೇ ಒಂದು ಭಾಗ ಸಾಕು. ಕೊನೆಯ ಒಂದು ಪ್ರತಿ ಫ್ರೇಮ್‌ಗೂ ಓಡುತ್ತದೆ. ಯಂತ್ರದ ಮಿತಿಯಿಂದ ಹುಟ್ಟಿದ ಈ ವೇಗವನ್ನು ವಿನ್ಯಾಸಕ ತೊಮೊಹಿರೊ ನಿಶಿಕಾದೊ ತಿದ್ದದೆ ಹಾಗೇ ಉಳಿಸಿಕೊಂಡರು. ಆಟಗಾರ ಗೆದ್ದಷ್ಟೂ ಆಟ ಬಿಗಿಯಾಗಬೇಕು ಎಂಬ ಸೂತ್ರ ಅಲ್ಲಿಂದ ಗಟ್ಟಿಯಾಯಿತು. ಹೋದದ್ದು ಗಡಿಯಾರ. ಅದಕ್ಕೆ ಹಿಂದಿನ ಸೀ ವುಲ್ಫ್‌ನಂಥ (1976), ನಾಣ್ಯ ಹಾಕಿ ಆಡುವ ಆರ್ಕೇಡ್ ಯಂತ್ರಗಳಲ್ಲಿ ನಿಗದಿತ ಸಮಯ ಮುಗಿದರೆ ಆಟ ಮುಗಿಯುತ್ತಿತ್ತು. ಇಲ್ಲಿ ಜೀವ ಇರುವ ತನಕ ಆಟ. ಕೈಚಳಕ ಇದ್ದವನು ಒಂದೇ ನಾಣ್ಯಕ್ಕೆ ಬಹಳ ಹೊತ್ತು ನಿಲ್ಲಬಹುದಾಯಿತು.

ಡೂಮ್ (1993) ಮೊತ್ತಮೊದಲ ‘ಫಸ್ಟ್ ಪರ್ಸನ್’ ಶೂಟರ್ (ಪಾತ್ರದ ಕಣ್ಣಿನಿಂದಲೇ ನೋಡುತ್ತಾ ಗುಂಡು ಹೊಡೆಯುವ ಆಟ) ಎಂದು ಬರೆದದ್ದು ಸರಿಯಲ್ಲ. ಅದನ್ನು ಮಾಡಿದ ಇಡ್ ಸಾಫ್ಟ್‌ವೇರ್ ಸಂಸ್ಥೆಯದೇ ವುಲ್ಫೆನ್‌ಸ್ಟೈನ್ 3ಡಿ ಹಿಂದಿನ ವರ್ಷವೇ ಬಂದಿತ್ತು. ಮೊದಲು ಬಂದದ್ದು ಯಾವುದು ಎಂಬ ಜಗಳ ಬಿಡೋಣ, ಇವೆರಡರ ನಡುವಿನ ವ್ಯತ್ಯಾಸ ನೋಡೋಣ. ವುಲ್ಫೆನ್‌ಸ್ಟೈನ್‌ನಲ್ಲಿ ಎಲ್ಲ ಗೋಡೆಯೂ ಒಂದೇ ಎತ್ತರ, ಎಲ್ಲ ಮೂಲೆಯೂ ಲಂಬಕೋನ, ಎಲ್ಲೆಡೆ ಒಂದೇ ಬೆಳಕು. ಡೂಮ್‌ನಲ್ಲಿ ಗೋಡೆ ಯಾವ ಕೋನಕ್ಕೂ ತಿರುಗುತ್ತದೆ, ನೆಲ ಏರುತ್ತದೆ ಇಳಿಯುತ್ತದೆ, ಒಂದು ಕೋಣೆ ಬೆಳಗಿದರೆ ಪಕ್ಕದ್ದು ಕತ್ತಲು. ಅಂದಿನ ಪ್ರೊಸೆಸರ್‌ಗಳಲ್ಲಿ ಇದು ಓಡಲು ಕಾರಣ ಬಿಎಸ್‌ಪಿ ಎಂಬ ವಿಧಾನ. ಲೆವೆಲ್ ತಯಾರಾಗುವಾಗಲೇ ಒಂದು ಪ್ರೋಗ್ರಾಮ್ ಇಡೀ ನಕ್ಷೆಯನ್ನು ಎರಡೆರಡಾಗಿ ಸೀಳುತ್ತಾ ಹೋಗಿ ಒಂದು ಮರದ ರೂಪದಲ್ಲಿ ಬರೆದಿಡುತ್ತದೆ. ಆಡುವಾಗ ಆಟಗಾರ ಎಲ್ಲಿ ನಿಂತಿದ್ದಾನೆ ಎಂದು ತಿಳಿದರೆ ಸಾಕು, ಯಾವ ಗೋಡೆ ಹತ್ತಿರ, ಯಾವುದು ದೂರ ಎಂದು ಮರವೇ ಹೇಳುತ್ತದೆ. ಹತ್ತಿರದ್ದನ್ನು ಮೊದಲು ಬರೆದು, ತುಂಬಿದ ಜಾಗವನ್ನು ಮತ್ತೆ ಮುಟ್ಟದೆ ಮುಂದೆ ಹೋಗುತ್ತದೆ.

ಇದಕ್ಕೆ ತೆತ್ತ ಬೆಲೆಯೂ ಇದೆ. ಮರ ಮೊದಲೇ ಕಟ್ಟಿಟ್ಟದ್ದರಿಂದ ಆಟದ ನಡುವೆ ಗೋಡೆ ಪಕ್ಕಕ್ಕೆ ಸರಿಯುವಂತಿಲ್ಲ. ಡೂಮ್‌ನ ಬಾಗಿಲುಗಳೆಲ್ಲ ಮೇಲಕ್ಕೇ ತೆರೆದುಕೊಳ್ಳುವುದು ಇದಕ್ಕೇ. ಕೋಣೆಯ ಮೇಲೆ ಕೋಣೆ ಇಡುವಂತೆಯೂ ಇಲ್ಲ. ಲೆವೆಲ್ ಕಟ್ಟಿದವರು ಈ ಎರಡು ಅಡ್ಡಿಗಳನ್ನೇ ಬಂಡವಾಳ ಮಾಡಿಕೊಂಡರು. ಕೀ ಎತ್ತಿಕೊಂಡ ಕ್ಷಣ ಬೆನ್ನ ಹಿಂದೆ ಗೋಡೆ ಮೇಲೇಳುವುದು, ಲಿಫ್ಟ್ ಇಳಿದಾಗ ಕೆಳಗೆ ಕತ್ತಲು ಕಾದಿರುವುದು, ಇವೆಲ್ಲ ಅಲ್ಲಿಂದ ಬಂದವು.

ಇನ್ನೂ ದೂರ ಹೋದ ನಿರ್ಧಾರ ಬೇರೆ ಇತ್ತು. ನಕ್ಷೆ, ಚಿತ್ರ, ಸದ್ದು ಎಲ್ಲವನ್ನೂ ಎಂಜಿನ್‌ನಿಂದ, ಅಂದರೆ ಆಟ ಓಡಿಸುವ ಮೂಲ ಪ್ರೋಗ್ರಾಮ್‌ನಿಂದ, ಬೇರ್ಪಡಿಸಿ ವ್ಯಾಡ್ ಎಂಬ ಕಡತದಲ್ಲಿ ಇಟ್ಟರು. ಮೂಲ ಕಡತ ಮುಟ್ಟದೆಯೇ ಯಾರು ಬೇಕಾದರೂ ತಮ್ಮ ಲೆವೆಲ್ ಸೇರಿಸಬಹುದಾಯಿತು. ಅಭಿಮಾನಿಗಳ ತಂಡ ಕಟ್ಟಿದ ಲೆವೆಲ್‌ಗಳನ್ನೇ 1996ರಲ್ಲಿ ಫೈನಲ್ ಡೂಮ್‌ನಲ್ಲಿ ಸೇರಿಸಿ ಮಾರಿದರು. ಹಾಫ್-ಲೈಫ್ (1998) ಮೇಲೆ ಅಭಿಮಾನಿಗಳ ಕೈಯಲ್ಲಿ ಕೌಂಟರ್-ಸ್ಟ್ರೈಕ್ ಬೆಳೆದದ್ದು, ವಾರ್‌ಕ್ರಾಫ್ಟ್ 3ರ (2002) ಮ್ಯಾಪ್ ಎಡಿಟರ್‌ನಲ್ಲಿ ಡೋಟಾ ರೂಪುಗೊಂಡದ್ದು ಇದೇ ಜಾಡಿನಲ್ಲಿ. ಡೂಮ್ ಕೈಬಿಟ್ಟದ್ದು ಅಂಕ ಮತ್ತು ‘ಲೈಫ್’. ವುಲ್ಫೆನ್‌ಸ್ಟೈನ್‌ನಲ್ಲಿ ಎರಡೂ ಇದ್ದವು. ಡೂಮ್ ಆದಮೇಲೆ ಶೂಟರ್‌ಗಳಲ್ಲಿ ಇಂತಿಷ್ಟೇ ಜೀವ ಎಂಬ ಲೆಕ್ಕ ಬಹುಮಟ್ಟಿಗೆ ಇಲ್ಲವಾಯಿತು.

ನಾಲ್ವರು ಜಾಲದಲ್ಲಿ ಸೇರಿ ಆಡುವ ‘ಡೆತ್‌ಮ್ಯಾಚ್’ ಬಗ್ಗೆ ಬರಹ ಹೊಗಳಿತ್ತು. ಅದರ ತೊಡಕನ್ನೂ ಹೇಳಬೇಕಿತ್ತು. ಡೂಮ್‌ನಲ್ಲಿ ಎಲ್ಲ ಕಂಪ್ಯೂಟರ್‌ಗಳೂ ಸೆಕೆಂಡಿಗೆ 35 ಬಾರಿ ತಮ್ಮ ತಮ್ಮ ಆಟಗಾರ ಒತ್ತಿದ ಕೀಲಿಗಳನ್ನು ಪರಸ್ಪರ ಕಳಿಸಿಕೊಂಡು ಒಟ್ಟಿಗೇ ಹೆಜ್ಜೆ ಹಾಕಬೇಕು. ಒಂದು ತಡವಾದರೆ ಎಲ್ಲವೂ ಕಾಯಬೇಕು. ಒಂದೇ ಕಟ್ಟಡದೊಳಗೆ ಇದು ನಡೆದೀತು, ಮೋಡೆಮ್‌ನ ಇಂಟರ್‌ನೆಟ್‌ನಲ್ಲಿ ನಡೆಯದು. ಕ್ವೇಕ್ (1996) ಸರ್ವರ್ ಒಂದನ್ನು ನಡುವೆ ಇಟ್ಟಿತು. ಆದರೂ ಕೀಲಿ ಒತ್ತಿ, ಸರ್ವರ್‌ನಿಂದ ಉತ್ತರ ಬಂದ ಮೇಲಷ್ಟೇ ಪಾತ್ರ ಕದಲುತ್ತಿತ್ತು. ಅದೇ ವರ್ಷದ ಕೊನೆಗೆ ಬಂದ ಕ್ವೇಕ್‌ವರ್ಲ್ಡ್ ಇದಕ್ಕೆ ದಾರಿ ಕಂಡುಕೊಂಡಿತು. ನಿಮ್ಮ ನಡೆಯನ್ನು ನಿಮ್ಮ ಕಂಪ್ಯೂಟರೇ ಊಹಿಸಿ ತಕ್ಷಣ ತೋರಿಸುತ್ತದೆ, ಸರ್ವರ್ ಬೇರೆ ಹೇಳಿದರೆ ಆಮೇಲೆ ತಿದ್ದಿಕೊಳ್ಳುತ್ತದೆ. ಇಂದಿನ ಆನ್‌ಲೈನ್ ಶೂಟರ್‌ನಲ್ಲಿ ಪಾತ್ರ ಹಠಾತ್ತನೆ ಹಿಂದಕ್ಕೆ ಎಳೆದಂತಾದರೆ ಅದು ಈ ತಿದ್ದುಪಡಿ. ನನ್ನ ಮಟ್ಟಿಗೆ ನಿಮ್ಮ ಪಟ್ಟಿಯ ದೊಡ್ಡ ಲೋಪ ಕ್ವೇಕ್‌ವರ್ಲ್ಡ್. ಇದರಲ್ಲಿ ಹೊಸ ಕತೆಯಿಲ್ಲ, ಪೆಟ್ಟಿಗೆಯಲ್ಲಿಟ್ಟು ಮಾರಿದ ಸರಕೂ ಅಲ್ಲ, ಹಾಗಾಗಿ ಪಟ್ಟಿ ಮಾಡುವವರ ಕಣ್ಣಿಗೆ ಬೀಳುವುದಿಲ್ಲ.

ಹೇಲೊ (2001) ಬಗ್ಗೆ ಚಿಕ್ಕದಾಗಿ ಹೇಳುವುದಾದರೆ, ಕೆಲ ಸೆಕೆಂಡ್ ಮರೆಯಲ್ಲಿ ನಿಂತರೆ ತಾನೇ ತುಂಬಿಕೊಳ್ಳುವ ಶೀಲ್ಡ್ (ರಕ್ಷಾಕವಚ), ಕೈಯಲ್ಲಿ ಎರಡೇ ಆಯುಧ, ಗ್ರೆನೇಡ್‌ಗೆ ತನ್ನದೇ ಬಟನ್. ಈ ಮೂರರಿಂದ ಕನ್ಸೋಲ್ ಶೂಟರ್‌ನ ವ್ಯಾಕರಣ ನಿಂತಿತು. ಆ ಗೇಮ್‌ನಲ್ಲಿ ಶೀಲ್ಡ್‌ನ ಕೆಳಗೆ ಹೆಲ್ತ್ (ಪಾತ್ರದ ಜೀವಬಲ) ಬೇರೆಯೇ ಇತ್ತು, ಅದಕ್ಕೆ ಹೆಲ್ತ್ ಪ್ಯಾಕ್ ಹುಡುಕಲೇಬೇಕಿತ್ತು. ಕಾಲ್ ಆಫ್ ಡ್ಯೂಟಿ 2 (2005) ಹೆಲ್ತ್ ಪ್ಯಾಕನ್ನೂ ತೆಗೆದುಹಾಕಿತು. ಇದರಿಂದ ವಿನ್ಯಾಸಕನಿಗೆ ಅನುಕೂಲವಾಯಿತು: ಪ್ರತಿ ಕಾಳಗಕ್ಕೂ ಆಟಗಾರ ಪೂರ್ತಿ ಬಲದಲ್ಲೇ ಬರುತ್ತಾನೆ, ಕಷ್ಟದ ಮಟ್ಟ ಹೊಂದಿಸುವುದು ಸುಲಭ. ಕಳೆದುಹೋದದ್ದು ಲೆವೆಲ್‌ನ ಮೂಲೆಮೂಲೆ ತಡಕುವ ಕಾರಣ. ಹುಡುಕುವುದಕ್ಕೆ ಏನೂ ಇಲ್ಲದ ಮೇಲೆ ಚಕ್ರವ್ಯೂಹದಂಥ ನಕ್ಷೆಗಳು ಉದ್ದನೆಯ ಓಣಿಗಳಾದವು.

ಸರದಿ ಕಾಯದೆ ಸೈನ್ಯ ಕಟ್ಟಿ ಕಾದಾಡುವ ‘ರಿಯಲ್-ಟೈಮ್ ಸ್ಟ್ರಾಟಜಿ’ ಪ್ರಕಾರಕ್ಕೆ ಡ್ಯೂನ್ 2 (1992) ಮೂಲ ಎನ್ನುತ್ತಾರೆ. ಹೆರ್ಜೋಗ್ ಜ್ವೈ (1989) ಅದಕ್ಕೂ ಹಿಂದಿನದು. ಆದರೂ ಡ್ಯೂನ್ 2ಕ್ಕೇ ಆ ಸ್ಥಾನ ಸಲ್ಲಬೇಕು. ಸಂಪನ್ಮೂಲ ಕೊಯ್ದು ತರುವ ಗಾಡಿ, ಅದನ್ನು ಹಣವಾಗಿಸುವ ಕಟ್ಟಡ, ಒಂದು ಕಟ್ಟಡ ಇದ್ದರಷ್ಟೇ ಇನ್ನೊಂದು ಎಂಬ ಸರಪಳಿ, ಮೌಸ್‌ನಿಂದ ಅಪ್ಪಣೆ, ಇವು ಒಂದೇ ಕಡೆ ಕೂಡಿದ್ದು ಅಲ್ಲಿ. ಅದರಲ್ಲಿ ಒಂದು ಸಲಕ್ಕೆ ಒಂದೇ ಯೂನಿಟ್ (ಸೈನಿಕ ಅಥವಾ ಗಾಡಿ) ಆರಿಸಲು ಸಾಧ್ಯ. ವಾರ್‌ಕ್ರಾಫ್ಟ್ (1994) ಅದನ್ನು ನಾಲ್ಕಕ್ಕೆ ಏರಿಸಿತು, ಸ್ಟಾರ್‌ಕ್ರಾಫ್ಟ್ (1998) 12ಕ್ಕೆ. ಕಮಾಂಡ್ ಅಂಡ್ ಕಾಂಕರ್ (1995) ಮಿತಿಯನ್ನೇ ತೆಗೆದಿತ್ತು. ಈ ಒಂದು ಸಂಖ್ಯೆಯೇ ಆಟದ ಸ್ವಭಾವ ನಿರ್ಧರಿಸುತ್ತದೆ. 12ರ ಮಿತಿ ಇದ್ದಾಗ ದೊಡ್ಡ ಸೈನ್ಯವನ್ನು ಗುಂಪುಗುಂಪಾಗಿ ನಡೆಸಬೇಕು, ಬೆರಳಿನ ವೇಗವೇ ಕೌಶಲ. ಮಿತಿ ಇಲ್ಲದಿದ್ದಾಗ ಎಲ್ಲರನ್ನೂ ಬಾಚಿಕೊಂಡು ನುಗ್ಗಿಸುವ ಚಾಳಿ ಬೆಳೆಯುತ್ತದೆ. ಮುಂದೆ ಡೋಟಾ ಸೈನ್ಯವನ್ನೂ ಕಟ್ಟಡವನ್ನೂ ಆಟಗಾರನ ಕೈಯಿಂದ ತೆಗೆದು ಒಬ್ಬನೇ ವೀರನನ್ನು ಕೊಟ್ಟಿತು. ಅದರ ಬಳಿಕ ತಾಯಿಪ್ರಕಾರವೇ ಸೊರಗಿತು.

ಇಬ್ಬರ ಕಾದಾಟದ ಗೇಮ್ ಸ್ಟ್ರೀಟ್ ಫೈಟರ್ 2ರ (1991) ‘ಕಾಂಬೊ’, ಅಂದರೆ ಬಿಡುವಿಲ್ಲದೆ ಒಂದರ ಹಿಂದೊಂದು ಬೀಳುವ ಪೆಟ್ಟು, ಯಾರೂ ಯೋಜಿಸಿದ್ದಲ್ಲ. 1987ರ ಮೊದಲ ಗೇಮ್‌ನಲ್ಲಿ ವಿಶೇಷ ಹೊಡೆತ ಹೊರಡಿಸುವುದು ಬಲು ಕಷ್ಟವಿತ್ತು. ಎರಡನೆಯದರಲ್ಲಿ ಅದನ್ನು ಸಡಿಲಿಸಿದರು. ಆ ಸಡಿಲಿಕೆಯಿಂದ ಸಾಮಾನ್ಯ ಹೊಡೆತ ಪೂರ್ತಿಯಾಗುವ ಮೊದಲೇ ಅದನ್ನು ಕಡಿದು ವಿಶೇಷ ಹೊಡೆತಕ್ಕೆ ಹಾರಲು ಸಾಧ್ಯವಾಯಿತು. ಎದುರಾಳಿ ಮೊದಲ ಪೆಟ್ಟಿನಿಂದ ಚೇತರಿಸಿಕೊಳ್ಳುವಷ್ಟರಲ್ಲಿ ಎರಡನೆಯದು ಬೀಳುತ್ತದೆ. ತಂಡದವರಿಗೆ ಇದು ಕಂಡಿತು, ಹಾಗೇ ಬಿಟ್ಟರು. ಎರಡು ವರ್ಷದ ಬಳಿಕ ಸೂಪರ್ ಸ್ಟ್ರೀಟ್ ಫೈಟರ್ 2 ಅಂಥ ಪೆಟ್ಟುಗಳನ್ನು ತೆರೆಯ ಮೇಲೇ ಎಣಿಸಿ ತೋರಿಸತೊಡಗಿತು.

ನಿಮ್ಮ ಬರಹ ರೆಸಿಡೆಂಟ್ ಈವಿಲ್ 4ಕ್ಕೆ (2005) ಎರಡೇ ಸಾಲು ಕೊಟ್ಟಿತು. ಅದು ಬದಲಿಸಿದ್ದು ಒಂದಲ್ಲ, ಎರಡು ಪ್ರಕಾರ: ಭಯಾನಕ ಆಟ ಮತ್ತು ಪಾತ್ರವನ್ನು ಹಿಂದಿನಿಂದ ನೋಡುವ ಶೂಟರ್. 1996ರ ಮೊದಲ ರೆಸಿಡೆಂಟ್ ಈವಿಲ್‌ನಲ್ಲಿ ಕೋಣೆಗಳು ಮೊದಲೇ ಸಿದ್ಧಪಡಿಸಿದ ಸ್ಥಿರಚಿತ್ರಗಳು, ಪಾತ್ರಗಳು ಮಾತ್ರ 3ಡಿ. ಆ ಕಾಲದ ಪ್ಲೇಸ್ಟೇಷನ್‌ನಲ್ಲಿ ಅಷ್ಟು ವಿವರವಾದ ಮನೆಯನ್ನು ಬೇರೆ ರೀತಿ ತೋರಿಸುವುದು ಆಗದ ಮಾತು. ಚಿತ್ರ ಸ್ಥಿರವಾದ್ದರಿಂದ ಕ್ಯಾಮೆರಾವೂ ಸ್ಥಿರ. ಮೂಲೆ ದಾಟಿದರೆ ಕ್ಯಾಮೆರಾ ಫಕ್ಕನೆ ಬದಲಾಗುತ್ತದೆ, ಎಡ ಬಲವಾಗುತ್ತದೆ. ಅದಕ್ಕಾಗಿಯೇ ಕಂಟ್ರೋಲರ್‌ನ ‘ಮೇಲೆ’ ಬಟನ್ ಯಾವಾಗಲೂ ಪಾತ್ರ ಮುಖ ಮಾಡಿದ ದಿಕ್ಕಿಗೆ ನಡೆಸುತ್ತಿತ್ತು. ಒಡ್ಡೊಡ್ಡು ಎಂದು ಇವತ್ತಿನವರು ಬೈಯುವ ಆ ಪದ್ಧತಿ ಕ್ಯಾಮೆರಾಕ್ಕೆ ತಕ್ಕ ಪರಿಹಾರವಾಗಿತ್ತು.

ನಾಲ್ಕನೆಯದರಲ್ಲಿ ಶಿಂಜಿ ಮಿಕಾಮಿ ತಂಡ ಕ್ಯಾಮೆರಾವನ್ನು ಪಾತ್ರದ ಬೆನ್ನ ಹಿಂದೆ ತಂದು ಇಟ್ಟಿತು. ಗುರಿ ಹಿಡಿದಾಗ ಅದು ಬಲಭುಜದ ಮೇಲೆ ಬರುತ್ತದೆ, ಬಂದೂಕಿನ ಲೇಸರ್ ಬಿಂದುವೇ ಗುರಿಸೂಚಿ. ಆಗ ಕಾಲು ಕದಲಿಸುವಂತಿಲ್ಲ. ತಲೆಗೋ ಮೊಣಕಾಲಿಗೋ ಹೊಡೆದು ಶತ್ರು ತತ್ತರಿಸಿದರೆ ಓಡಿಹೋಗಿ ಒದೆಯಬಹುದು. ನಿಲ್ಲು, ಹೊಡೆ, ಓಡು, ಒದೆ: ಈ ಲಯದ ಸುತ್ತಲೇ ಹಳ್ಳಿಯ ಮೊದಲ ಮುತ್ತಿಗೆಯಿಂದ ಹಿಡಿದು ಪ್ರತಿ ಕಾಳಗವೂ ಕಟ್ಟಿದೆ. ಆಟಗಾರ ಎಡವುತ್ತಿದ್ದರೆ ಶತ್ರುಗಳ ಬಿರುಸನ್ನು ಒಳಗೊಳಗೇ ತಗ್ಗಿಸುವ ವ್ಯವಸ್ಥೆಯೂ ಇತ್ತು, ಆಟಗಾರನಿಗೆ ಅದು ತಿಳಿಯುತ್ತಿರಲಿಲ್ಲ. ಗಿಯರ್ಸ್ ಆಫ್ ವಾರ್ (2006), ಡೆಡ್ ಸ್ಪೇಸ್ (2008) ಆ ಕ್ಯಾಮೆರಾವನ್ನು ಎತ್ತಿಕೊಂಡವು. ಇತ್ತ ಸ್ಥಿರ ಕ್ಯಾಮೆರಾದ ಭಯಾನಕ ಆಟ ದೊಡ್ಡ ಕಂಪನಿಗಳ ಮಟ್ಟಿಗೆ ನಿಂತೇಹೋಯಿತು. ಚೌಕಟ್ಟಿನ ಆಚೆ ಏನೋ ಉಸಿರಾಡುತ್ತಿದೆ, ನಮಗೆ ಕಾಣದು ಎಂಬ ಆ ಹೆದರಿಕೆ ಭುಜದ ಮೇಲಿನ ಕ್ಯಾಮೆರಾದಲ್ಲಿ ಹುಟ್ಟುವುದಿಲ್ಲ. ಇದು ಲಾಭವೋ ನಷ್ಟವೋ ಎಂದು ಕೇಳಿದರೆ ಎರಡೂ ಎನ್ನುತ್ತೇನೆ.

ಪುರವಣಿಯ ಬರಹ ‘ಈ ಹಳೆಯ ಗೇಮ್‌ಗಳನ್ನು ಇಂದೇ ಆಡಿ ನೋಡಿ’ ಎಂದು ಮುಗಿದಿತ್ತು. ಹಾಗೆ ಸುಮ್ಮನೆ ಆಡಿದರೆ ಬಹುಪಾಲು ಓದುಗರು ತಪ್ಪು ಅಭಿಪ್ರಾಯಕ್ಕೇ ಬರುತ್ತಾರೆ. ಕೆಲವು ಎಚ್ಚರಿಕೆಗಳು ಬೇಕು.

ಹಳೆಯ ಪಿಸಿಗಳ ಡಾಸ್ ಕಾಲದ ಹಲವು ಗೇಮ್‌ಗಳ ವೇಗ ಪ್ರೊಸೆಸರ್‌ಗೆ ಕಟ್ಟುಬಿದ್ದಿರುತ್ತದೆ. ಅವನ್ನು ಇಂದಿನ ಕಂಪ್ಯೂಟರ್‌ನಲ್ಲಿ ಓಡಿಸುವ ಡಾಸ್‌ಬಾಕ್ಸ್ ಎಂಬ ಪ್ರೋಗ್ರಾಮ್‌ನಲ್ಲಿ ಹುಚ್ಚು ವೇಗ ಕಂಡರೆ ಕಂಟ್ರೋಲ್ ಮತ್ತು ಎಫ್11 ಒತ್ತಿ ‘ಸೈಕಲ್ಸ್’ (ಪ್ರೊಸೆಸರ್ ವೇಗದ ಲೆಕ್ಕ) ಇಳಿಸಿ, ತೆವಳಿದರೆ ಕಂಟ್ರೋಲ್ ಮತ್ತು ಎಫ್12ರಿಂದ ಏರಿಸಿ. ಡ್ಯೂನ್ 2ಕ್ಕೆ 3000ದಿಂದ ಶುರುಮಾಡಿ, ಮೌಸ್ ನುಣುಪಾಗಿ ಓಡುವವರೆಗೆ ಸ್ವಲ್ಪಸ್ವಲ್ಪವೇ ಏರಿಸಬಹುದು. ಡೂಮ್‌ಗೆ ಈ ಕಾಟವಿಲ್ಲ, ಅದರ ಗಡಿಯಾರ 35ಕ್ಕೆ ಬಿಗಿದಿದೆ. ಆ ಗೇಮ್‌ಗಳ ಚಿತ್ರ 320×200, ಆದರೆ ನೋಡಬೇಕಾದದ್ದು 4:3 ಪರದೆಯಲ್ಲಿ. ಎತ್ತರವನ್ನು 1.2 ಪಟ್ಟು ಹಿಗ್ಗಿಸದಿದ್ದರೆ ಎಲ್ಲ ರಾಕ್ಷಸರೂ ಕುಳ್ಳಗೆ, ಗುಂಡಗೆ ಕಾಣುತ್ತಾರೆ. ಡಾಸ್‌ಬಾಕ್ಸ್‌ನ ಸೆಟ್ಟಿಂಗ್ ಕಡತದಲ್ಲಿ ‘ಆಸ್ಪೆಕ್ಟ್’ ಎಂಬುದನ್ನು ‘ಟ್ರೂ’ ಮಾಡಿದರೆ ಸರಿಹೋಗುತ್ತದೆ.

ಡೂಮ್‌ನ ಹೊಸ ಆವೃತ್ತಿಗಳಲ್ಲಿ ಜಿಗಿಯುವುದು, ತಲೆ ಎತ್ತಿ ನೋಡುವುದು ಸೇರಿಕೊಂಡಿವೆ. ಎರಡನ್ನೂ ಆಫ್ ಮಾಡಿ. ಮೂಲದಲ್ಲಿ ಮೇಲೆ ಕೆಳಗೆ ಗುರಿ ಹಿಡಿಯುವ ಕೆಲಸವನ್ನು ಗೇಮೇ ಮಾಡುತ್ತಿತ್ತು. ಜಿಗಿದರೆ ಲೆವೆಲ್‌ನ ಅರ್ಧ ಒಗಟು ಹಾರಿಹೋಗುತ್ತದೆ. ಮೂಲದ ನಡವಳಿಕೆ ಹಾಗೇ ಬೇಕೆನ್ನುವವರಿಗೆ ಚಾಕೊಲೇಟ್ ಡೂಮ್ ಎಂಬ ಆವೃತ್ತಿ ಇದೆ. ಕನ್ಸೋಲ್ ಗೇಮ್‌ಗಳಲ್ಲಿ ಹಳೆಯ ಯುರೋಪ್ ಆವೃತ್ತಿ ತಪ್ಪಿಸುವುದು ಲೇಸು. ಅವು 60ರ ಬದಲು 50 ಹರ್ಟ್ಸ್‌ನಲ್ಲಿ ಓಡುತ್ತವೆ, ಹೊಂದಿಸದೆ ಬಿಟ್ಟ ಗೇಮ್ ಆರನೇ ಒಂದರಷ್ಟು ನಿಧಾನವಾಗುತ್ತದೆ. ಸ್ಟ್ರೀಟ್ ಫೈಟರ್ 2 ಆಡುವ ಮುನ್ನ ಟಿವಿಯನ್ನು ‘ಗೇಮ್ ಮೋಡ್’ಗೆ ಹಾಕಿ. ಒಂದು ಫ್ರೇಮ್ ಎಂದರೆ ಸುಮಾರು 17 ಮಿಲಿಸೆಕೆಂಡ್. ಟಿವಿ ಚಿತ್ರ ನಯಗೊಳಿಸುತ್ತಾ ಐದಾರು ಫ್ರೇಮ್ ತಡಮಾಡಿದರೆ ಕಾಂಬೊ ಕೂರುವುದಿಲ್ಲ, ದೋಷ ಗೇಮ್‌ನ ತಲೆಗೆ ಬರುತ್ತದೆ.

ರೆಸಿಡೆಂಟ್ ಈವಿಲ್ 4ನ್ನು 2023ರ ಮರುರೂಪದಲ್ಲಿ ಆಡಿ ಮೂಲವನ್ನು ಅಳೆಯಬಾರದು. ಮರುರೂಪದಲ್ಲಿ ಗುರಿ ಹಿಡಿದೇ ನಡೆಯಬಹುದು, ಹಾಗಾಗಿ ಶತ್ರುಗಳ ವೇಗ, ಸಂಖ್ಯೆ, ಸುತ್ತುವರಿಯುವ ರೀತಿ ಎಲ್ಲವನ್ನೂ ಬೇರೆಯಾಗಿ ಹೊಂದಿಸಿದ್ದಾರೆ. ಇನ್ನು ರೋಗ್ (1980) ಆಡುವವರು ಎಮ್ಯುಲೇಟರ್‌ನ (ಹಳೆಯ ಯಂತ್ರವನ್ನು ಅನುಕರಿಸುವ ಪ್ರೋಗ್ರಾಮ್) ‘ಸೇವ್ ಸ್ಟೇಟ್’, ಅಂದರೆ ಬೇಕಾದ ಕ್ಷಣವನ್ನು ಉಳಿಸಿಟ್ಟು ಮತ್ತೆ ಅಲ್ಲಿಗೇ ಮರಳುವ ಸೌಲಭ್ಯ, ಮುಟ್ಟಬೇಡಿ. ಪ್ರತಿ ಸಲವೂ ಹೊಸದಾಗಿ ಹುಟ್ಟುವ 26 ಅಂತಸ್ತಿನ ಆ ನೆಲಮಾಳಿಗೆಯಲ್ಲಿ ಉಳಿಸಿದ ಆಟವನ್ನು ತೆರೆದ ಕೂಡಲೇ ಕಡತ ಅಳಿಸಿಹೋಗುವಂತೆ ಮಾಡಿದ್ದು ಬೇಕೆಂದೇ. ಗುರುತು ಹತ್ತದ ಮದ್ದನ್ನು ಕುಡಿಯಬೇಕೆ ಬೇಡವೆ ಎಂಬ ಪ್ರಶ್ನೆಗೆ ತೂಕ ಬರುವುದು ಹಿಂದಿರುಗಲು ದಾರಿಯಿಲ್ಲದಾಗ.

ಮುಂದಿನ ಸಲ ಇಂಥ ಪಟ್ಟಿ ಪ್ರಕಟಿಸುವಾಗ ಪ್ರತಿ ಗೇಮ್‌ನ ಹೆಸರಿನ ಕೆಳಗೆ ಮಾರಾಟದ ಅಂಕಿಯ ಬದಲು ಎರಡು ಸಾಲು ಹಾಕುವಂತೆ ಕೋರುತ್ತೇನೆ: ಬಳಿಕದವು ಅದರಿಂದ ಏನು ತೆಗೆದುಕೊಂಡವು, ಏನನ್ನು ಬಿಟ್ಟವು. ಜೊತೆಗೆ ಯಾವ ಆವೃತ್ತಿ ಆಡಬೇಕು ಎಂಬುದನ್ನೂ ನಮೂದಿಸಿ.

ಇತಿ,
ಪುರವಣಿಯ ಓದುಗ