ಕಾಲುವೆಯ ಕೊನೆಯ ಹೊಲ, ಗ್ರಂಥಾಲಯದ ಒಂದು ಕಪಾಟು

ಮಾನ್ಯ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಸಚಿವರಿಗೆ,

ನಮಸ್ಕಾರ.

ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ನಿಮ್ಮ ಇಲಾಖೆಗೆ ಬಂದವು. ಆಮೇಲೆ ‘ಅರಿವು ಕೇಂದ್ರ’ ಎಂಬ ಹೆಸರೂ ಬಂತು. ನಮ್ಮೂರಿನದಕ್ಕೆ ಬಣ್ಣ ಬಿತ್ತು, ಮಕ್ಕಳಿಗೆ ಚೆಸ್ ಬೋರ್ಡು ಬಂತು. ಕಂಡದ್ದನ್ನು ಕಂಡ ಹಾಗೆ ಹೇಳಬೇಕು, ಮೊದಲಿಗಿಂತ ಎಷ್ಟೋ ವಾಸಿ. ನನ್ನ ತಕರಾರು ‘ತತ್ತ್ವಶಾಸ್ತ್ರ’ ಎಂದು ಚೀಟಿ ಅಂಟಿಸಿದ ಒಂದು ಕಪಾಟಿನದು.

ಅದರಲ್ಲಿ ಬೇಗ ಶ್ರೀಮಂತರಾಗುವ ಪುಸ್ತಕಗಳಿವೆ, ರಾಶಿಫಲವಿದೆ, ಯಾವುದೋ ಕಾಲದ ಒಂದು ಪದವಿ ಪಠ್ಯವಿದೆ. ಪಠ್ಯದ ಮೊದಲ ಪುಟದಲ್ಲೇ ‘ಜ್ಞಾನಮೀಮಾಂಸೆಯ ಸ್ವರೂಪ ಮತ್ತು ವ್ಯಾಪ್ತಿ’. ತೆಗೆದವರು ಅಲ್ಲಿಗೇ ಮುಚ್ಚಿಡುತ್ತಾರೆ.

ಹಳ್ಳಿಯವರಿಗೆ ತತ್ತ್ವಶಾಸ್ತ್ರ ಯಾಕೆ ಎನ್ನಬೇಡಿ. ನಮ್ಮದು ತುಂಗಭದ್ರಾ ಎಡದಂಡೆ ಕಾಲುವೆಯ ಕೊನೆ ಭಾಗ. ಮೇಲ್ಭಾಗದಲ್ಲಿ ಭತ್ತದ ಗದ್ದೆ ತುಂಬಿ ನಿಂತಿರುವಾಗ ನಮ್ಮ ಬೆಳೆ ಬಾಡುತ್ತದೆ. ಅಂಥ ಒಂದು ಸಂಜೆ, ಗ್ರಂಥಾಲಯದ ಕಟ್ಟೆಯ ಮೇಲೆ ಜಾನ್ ರಾಲ್ಸ್ ಎಂಬ ಅಮೆರಿಕದ ಪ್ರೊಫೆಸರು 1971ರಲ್ಲಿ ಮಂಡಿಸಿದ ವಿಚಾರವೊಂದನ್ನು ನಮ್ಮ ಭಾಷೆಗಿಳಿಸಿ ಹೇಳಿದೆ: ನೀರು ಹಂಚುವ ಕಾನೂನು ಬರೆಯಲು ಎಲ್ಲರೂ ಕೂತಿದ್ದೀರಿ, ಆದರೆ ನಿಮ್ಮ ಹೊಲ ಕಾಲುವೆಯ ತಲೆಗಿದೆಯೋ ಬಾಲಕ್ಕಿದೆಯೋ ನಿಮಗೇ ಗೊತ್ತಿಲ್ಲ. ಈಗ ಎಂಥ ಕಾನೂನು ಬರೆಯುತ್ತೀರಿ?

ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಒಬ್ಬ ಹಿರಿಯರು, “ಆದ್ರ ಮ್ಯಾಲಿನವ್ರಿಗೆ ತಮ್ಮ ಹೊಲ ಎಲ್ಲೈತಿ ಅಂತ ಗೊತ್ತೈತಲ್ರೀ, ಅವ್ರು ಯಾಕ ಒಪ್ತಾರ?” ಅಂದರು. ರಾಲ್ಸ್‌ಗೆ ದೊಡ್ಡ ದೊಡ್ಡ ವಿದ್ವಾಂಸರು ಹಾಕಿದ ಪ್ರಶ್ನೆಯೂ ಹೆಚ್ಚುಕಡಿಮೆ ಇದೇ. ಉತ್ತರ ಹುಡುಕುತ್ತ ರಾತ್ರಿ ಒಂಬತ್ತಾಯಿತು. ಕೊನೆಗೆ ಒಬ್ಬ ಹುಡುಗ ಕೇಳಿದ, ಇದು ಯಾವ ಪುಸ್ತಕದಾಗೈತಿ? ಅವನ ಕೈಗೆ ಕೊಡಲು ಕಪಾಟಿನಲ್ಲಿ ಏನೂ ಇರಲಿಲ್ಲ.

ತತ್ತ್ವವನ್ನು ಸಾಮಾನ್ಯರ ಮಾತಿನಲ್ಲಿ ಹೇಳುವುದು ಕನ್ನಡಕ್ಕೆ ಹೊಸದೂ ಅಲ್ಲ. 1943ರಲ್ಲಿ ಕಗ್ಗ ಬರೆದ ಡಿವಿಜಿ ವೃತ್ತಿಯಿಂದ ಪತ್ರಕರ್ತರು, ತತ್ತ್ವಶಾಸ್ತ್ರದ ಪ್ರಾಧ್ಯಾಪಕರಲ್ಲ. ಇವತ್ತಿಗೂ ಅದನ್ನು ಬಾಯಿಪಾಠ ಹೇಳುವವರಿದ್ದಾರೆ. ಗದ್ಯದಲ್ಲಿ ಅಷ್ಟು ಮಂದಿಯನ್ನು ತಲುಪಿದ ತತ್ತ್ವದ ಪುಸ್ತಕ ನನಗಂತೂ ಕಾಣುತ್ತಿಲ್ಲ. ಹಳೆಯ ಬೌದ್ಧ ಗ್ರಂಥವೊಂದರಲ್ಲಿ ಗ್ರೀಕ್ ದೊರೆ ಮಿಲಿಂದನಿಗೆ ಭಿಕ್ಷು ನಾಗಸೇನ ರಥ ತೋರಿಸಿ ಗಾಲಿ ರಥವೇ, ಅಚ್ಚು ರಥವೇ, ನೊಗ ರಥವೇ, ಯಾವುದೂ ಅಲ್ಲದಿದ್ದರೆ ರಥ ಎಲ್ಲಿದೆ ಎಂದು ಕೇಳಿದನಲ್ಲ, ಗಾಡಿ ಕಟ್ಟಿದವರಿಗೆ ಅದನ್ನು ಬಿಡಿಸಿ ಹೇಳಬೇಕಾದದ್ದೇ ಇಲ್ಲ.

ನಾನು ಕೇಳುವುದು ದೊಡ್ಡ ಸಂಪುಟಗಳನ್ನಲ್ಲ. ಎಂಬತ್ತು ಪುಟ ಮೀರದ, ಒಂದೊಂದು ಪ್ರಶ್ನೆಗೆ ಒಂದರಂತೆ ಹತ್ತು ಪುಸ್ತಕ. ಕನ್ನಡ ಮತ್ತು ಸಂಸ್ಕೃತಿ ಇಲಾಖೆಯ ಜೊತೆ ಕೂತು ಬರೆಸಿ. ಅನುವಾದದ ಕೆಲಸಕ್ಕೆ ಸರ್ಕಾರದ ಕುವೆಂಪು ಭಾಷಾ ಭಾರತಿ ಇದ್ದೇ ಇದೆ. ಬರೀ ಅನುವಾದ ಮಾಡಿಸಿ ಕೈತೊಳೆದುಕೊಳ್ಳಬೇಡಿ. ಒಂದು ಷರತ್ತೂ ಹಾಕಿ: ಅಚ್ಚಿಗೆ ಹೋಗುವ ಮೊದಲು ಲೇಖಕರು ಒಂದು ಅಧ್ಯಾಯವನ್ನು ಯಾವುದಾದರೂ ಅರಿವು ಕೇಂದ್ರದಲ್ಲಿ ಗಟ್ಟಿಯಾಗಿ ಓದಬೇಕು. ಜನ ಎದ್ದು ಹೋದರೆ ತಿದ್ದಿ ಬರೆಯಲಿ. ತಜ್ಞರ ಸಮಿತಿ ಆಮೇಲೆ ನೋಡಿದರಾಯಿತು.

ಮೊದಲ ಓದಿಗೆ ನಮ್ಮ ಕಟ್ಟೆಯೇ ಆಗಬಹುದು. ನೀರಿನ ಸರದಿ ಇರುವ ರಾತ್ರಿ ಮಾತ್ರ ಬೇಡ, ಆವತ್ತು ಯಾರೂ ಊರಲ್ಲಿರುವುದಿಲ್ಲ.

ಇಂತಿ,
ಕಾಲುವೆಯ ಕೊನೆ ಭಾಗದ ಒಬ್ಬ ಓದುಗ